ಜಿಂಕೆ ದೂರ ಸರಿದದ್ದು ವಾಹನದಿಂದಲೇನಾ? ಕಾರಣ ಹುಡುಕುವ ಲೆಕ್ಕ, ಹಂತ ಹಂತವಾಗಿ

"ನಮ್ಮ ಕ್ಯಾಮೆರಾ ಟ್ರ್ಯಾಪ್‌ಗಳಲ್ಲಿ (ಪ್ರಾಣಿ ಹಾದಾಗ ತಾನೇ ಫೋಟೊ ತೆಗೆಯುವ ಕ್ಯಾಮೆರಾಗಳಲ್ಲಿ) ಜನ ಜಾಸ್ತಿ ಓಡಾಡುವ ಕಡೆ ಪ್ರಾಣಿಗಳು ಕಡಿಮೆ ಬಿದ್ದಿವೆ. ಜನರಿಂದಲೇ ಹೀಗಾಯಿತು ಅಂತ ಬರೆಯಬಹುದಾ?" ಎಂಎಸ್ಸಿ, ಪಿಎಚ್‌ಡಿ ಮಾಡುವವರು, ಸಣ್ಣ ಸಂಸ್ಥೆಗಳಲ್ಲಿ ಫೀಲ್ಡ್ ಕೆಲಸ ಮಾಡುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಅಷ್ಟರ ಮೇಲೆಯೇ ಬರೆಯುವಂತಿಲ್ಲ. ಹಾಗಾದರೆ ಇನ್ನೇನು ಬೇಕು ಅನ್ನುವುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಉದಾಹರಣೆಗೆ ಬಂಡೀಪುರವನ್ನು ಇಟ್ಟುಕೊಳ್ಳೋಣ. ಮೈಸೂರು–ಕೋಯಿಕ್ಕೋಡ್ ಹೆದ್ದಾರಿ, ಅಂದರೆ ಆಗಿನ 212, ಈಗಿನ 766, ಹುಲಿ ಸಂರಕ್ಷಿತ ಪ್ರದೇಶದ ಒಳಗೇ ಹಾದುಹೋಗುತ್ತದೆ. 2009ರಲ್ಲಿ ಶುರುವಾದ ನಿಷೇಧದಿಂದಾಗಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಕೆಲವು ಬಸ್ಸು, ಆಂಬುಲೆನ್ಸ್ ಬಿಟ್ಟರೆ ಅಲ್ಲಿ ವಾಹನ ಬಿಡುವುದಿಲ್ಲ. ನಿಷೇಧ ಸರಿಯೋ ತಪ್ಪೋ ಅನ್ನುವ ಜಗಳಕ್ಕೆ ನಾನು ಇಳಿಯುವುದಿಲ್ಲ. ವಾಹನಗಳು ಚುಕ್ಕೆ ಜಿಂಕೆಯ ನಡವಳಿಕೆಯನ್ನು ಎಷ್ಟು ಬದಲಿಸುತ್ತವೆ, ಅದನ್ನು ಅಳೆಯುವುದು ಹೇಗೆ, ಇಷ್ಟೇ ನಮ್ಮ ವಿಷಯ.

ಈ ಬಗೆಯ ಲೆಕ್ಕಕ್ಕೆ ಕಾಸಲ್ ಇನ್ಫರೆನ್ಸ್ ಅನ್ನುತ್ತಾರೆ. "ಇದೇ ಜಾಗದಲ್ಲಿ, ಇದೇ ಹೊತ್ತಿನಲ್ಲಿ ವಾಹನ ಇಲ್ಲದೇ ಹೋಗಿದ್ದರೆ ಜಿಂಕೆ ಏನು ಮಾಡುತ್ತಿತ್ತು?" ಅಂತ ಅಂದಾಜು ಮಾಡುವುದೇ ಇದರ ಕೆಲಸ. ಆ ನಡೆಯದೇ ಹೋದ ಸ್ಥಿತಿಗೆ ಕೌಂಟರ್‌ಫ್ಯಾಕ್ಚುಯಲ್ ಅಂತ ಹೆಸರು. ಅದು ಯಾರ ಕ್ಯಾಮೆರಾಕ್ಕೂ ಸಿಗುವುದಿಲ್ಲ. ಅದರ ಬದಲಿಗೆ ಏನನ್ನು ಹೋಲಿಕೆಗೆ ನಿಲ್ಲಿಸುತ್ತೀರಿ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ.

ಏನೇನು ಬೇಕು

ಜಾಗ, ದಿನ, ಗಂಟೆ ಎಲ್ಲ ನಮೂದಾಗಿರುವ ಕ್ಯಾಮೆರಾ ಡೇಟಾ ಅಥವಾ ಕಾಲರ್ (ಪ್ರಾಣಿಯ ಕೊರಳಿಗೆ ಕಟ್ಟುವ, ಅದು ಎಲ್ಲಿದೆ ಅಂತ ತಿಳಿಸುವ ಪಟ್ಟಿ) ಡೇಟಾ ಬೇಕು. ಜನರ ಓಡಾಟದ ಅಳತೆಯೂ ಬೇಕು. ರಸ್ತೆಯಾದರೆ ಚೆಕ್‌ಪೋಸ್ಟಿನ ವಾಹನ ಲೆಕ್ಕ ಇದಕ್ಕೆ ಆಗುತ್ತದೆ. ಆರ್ ತಂತ್ರಾಂಶದಲ್ಲಿ ಸಾಮಾನ್ಯ ರಿಗ್ರೆಶನ್ (ಒಂದು ಅಂಶ ಬದಲಾದ ಹಾಗೆ ಇನ್ನೊಂದು ಎಷ್ಟು ಬದಲಾಗುತ್ತದೆ ಅನ್ನುವ ಲೆಕ್ಕ) ಮಾಡಲು ಬಂದರೆ ಸಾಕು. ಇಂಥ ಲೆಕ್ಕವನ್ನೇ ಮುಂದೆ ಮಾಡೆಲ್ ಅನ್ನುತ್ತೇನೆ. ಪೆನ್ಸಿಲ್, ದೊಡ್ಡ ಹಾಳೆ ಇರಲಿ. ಅಭಯಾರಣ್ಯದೊಳಗೆ ಅಧ್ಯಯನ ಮಾಡಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ಕಾಲರ್ ಹಾಕುವ ಯೋಚನೆ ಇದ್ದರೆ ಅರ್ಜಿಯ ದಾರಿ ಇನ್ನೂ ಉದ್ದ, ಬೇಗ ಶುರುಮಾಡಿ.

1. ಪ್ರಶ್ನೆಯನ್ನು ಒಂದೇ ವಾಕ್ಯಕ್ಕೆ ಇಳಿಸಿ

"ವನ್ಯಜೀವಿಗಳ ಮೇಲೆ ಮಾನವ ಹಸ್ತಕ್ಷೇಪದ ಪ್ರಭಾವ" ಅನ್ನುವುದು ಸೆಮಿನಾರಿನ ಹೆಸರಾಗಬಹುದು, ಪ್ರಶ್ನೆ ಆಗುವುದಿಲ್ಲ. ಯಾವ ಹಸ್ತಕ್ಷೇಪ? ರಸ್ತೆ ಇರುವುದಾ, ವಾಹನ ಓಡುವುದಾ, ಅದರ ಸದ್ದಾ, ಹೆಡ್‌ಲೈಟಾ, ಗಾಡಿ ನಿಲ್ಲಿಸಿ ಮಂಗಗಳಿಗೆ ಬಿಸ್ಕತ್ತು ಎಸೆಯುವವರಾ? ಒಂದೊಂದೂ ಬೇರೆ ಬೇರೆ ಕಾರಣ.

ಹೀಗೆ ಬರೆಯಿರಿ: "ಹಗಲಿನಲ್ಲಿ ಗಂಟೆಗೆ ಓಡುವ ವಾಹನಗಳು ಅರ್ಧಕ್ಕೆ ಇಳಿದರೆ, ರಸ್ತೆಯಿಂದ 100 ಮೀಟರ್ ಒಳಗೆ ಚುಕ್ಕೆ ಜಿಂಕೆ ಕಳೆಯುವ ಹೊತ್ತು ಎಷ್ಟು ಬದಲಾಗುತ್ತದೆ?" ಯಾವ ಪ್ರಾಣಿ, ಎಲ್ಲಿ, ಯಾವಾಗ, ಏನನ್ನು ಎಷ್ಟು ಬದಲಿಸಿದರೆ, ಯಾವ ನಡವಳಿಕೆ ಎಂಬ ಎಲ್ಲದಕ್ಕೂ ಇದರಲ್ಲಿ ಉತ್ತರ ಇದೆ.

ಎಚ್ಚರಿಕೆ: ನಡವಳಿಕೆಯನ್ನೂ ಸಂಖ್ಯೆಯನ್ನೂ ಕಲೆಸಬೇಡಿ. ಜಿಂಕೆ ದೂರ ಸರಿದರೂ ಫೋಟೊ ಕಡಿಮೆ, ಸತ್ತರೂ ಫೋಟೊ ಕಡಿಮೆ. ಸಾಧ್ಯವಾದರೆ ಹಂಚಿಕೆಯನ್ನು ಅಳೆಯಿರಿ, ಉದಾಹರಣೆಗೆ ಒಟ್ಟು ಓಡಾಟದಲ್ಲಿ ರಾತ್ರಿಯ ಪಾಲು ಎಷ್ಟು ಅಂತ. 2018ರಲ್ಲಿ ಕೇಟ್ಲಿನ್ ಗೇನರ್ ಮತ್ತು ಸಂಗಡಿಗರು 62 ಜಾತಿಯ ಸಸ್ತನಿಗಳ ಮೇಲಿನ 76 ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ಇದೇ ಅಳತೆ ಬಳಸಿದರು. ಜನರ ಒತ್ತಡ ಇರುವ ಕಡೆ ರಾತ್ರಿಯ ಓಡಾಟ ಸರಾಸರಿ 1.36 ಪಟ್ಟು ಆಗಿತ್ತು. ಅಂದರೆ ಹಗಲು–ರಾತ್ರಿ ಸಮ ಸಮ ಓಡಾಡುವ ಪ್ರಾಣಿ ತನ್ನ ಓಡಾಟದ ಶೇ 68ರಷ್ಟನ್ನು ರಾತ್ರಿಗೆ ತಳ್ಳಿದ ಹಾಗೆ.

2. ಬಾಣದ ಚಿತ್ರ ಬರೆಯಿರಿ

ಇದನ್ನು ಡ್ಯಾಗ್ ಅನ್ನುತ್ತಾರೆ. ಹಾಳೆಯ ಎಡಕ್ಕೆ "ವಾಹನ", ಬಲಕ್ಕೆ "ಜಿಂಕೆಯ ಓಡಾಟ" ಅಂತ ಬರೆಯಿರಿ. ಸುತ್ತ ನಿಮಗೆ ಗೊತ್ತಿರುವುದನ್ನೆಲ್ಲ ಬರೆಯಿರಿ: ಹೊತ್ತು, ಬಿಸಿಲು, ಮಳೆ, ಕೆರೆಯ ನೀರು, ಹುಲ್ಲು, ಲಂಟಾನ ಪೊದೆ, ಹುಲಿ–ಚಿರತೆ–ಸೀಳುನಾಯಿ, ಸಫಾರಿ ಜೀಪು. ಒಂದನ್ನು ಬದಲಿಸಿದರೆ ಇನ್ನೊಂದು ಬದಲಾಗುತ್ತದೆ ಅನ್ನಿಸಿದರೆ ಮಾತ್ರ ನಡುವೆ ಬಾಣ ಎಳೆಯಿರಿ. ಬಾಣಗಳು ಸುತ್ತಿ ಸುತ್ತಿ ಹೊರಟಲ್ಲಿಗೇ ಬರಬಾರದು.

ಈಗ ಮೂರು ಬಗೆಯ ಪಾತ್ರಗಳನ್ನು ಗುರುತಿಸಬೇಕು. ಇಲ್ಲಿ ನಿಧಾನವಾಗಿ ಓದಿ, ಮುಂದಿನ ತಪ್ಪುಗಳೆಲ್ಲ ಹುಟ್ಟುವುದು ಇಲ್ಲಿಯೇ.

ಮೊದಲನೆಯದು ಕನ್‌ಫೌಂಡರ್. ಕಾರಣ, ಪರಿಣಾಮ ಎರಡನ್ನೂ ಎಳೆಯುವ ಮೂರನೆಯ ಸಂಗತಿ ಇದು. ನಮ್ಮ ಚಿತ್ರದಲ್ಲಿ ಹೊತ್ತು ಅಂಥದ್ದು. ಹೊತ್ತೇರಿದ ಹಾಗೆ ವಾಹನ ಜಾಸ್ತಿ ಆಗುತ್ತದೆ. ಬಿಸಿಲೇರಿದ ಹಾಗೆ ಜಿಂಕೆ ನೆರಳಿಗೆ ಹೋಗುತ್ತದೆ. ರಸ್ತೆಯೇ ಇಲ್ಲದ ಕಾಡಿನಲ್ಲೂ ಮಧ್ಯಾಹ್ನ ಅದು ನೆರಳಲ್ಲೇ ಇರುತ್ತದೆ, ಅಲ್ವಾ? ಹೊತ್ತನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಸೂರ್ಯ ಮಾಡಿದ್ದನ್ನು ಲಾರಿಯ ತಲೆಗೆ ಕಟ್ಟುತ್ತೀರಿ.

ಎರಡನೆಯದು ಮೀಡಿಯೇಟರ್, ಅಂದರೆ ನಡುವಿನ ಕೊಂಡಿ. ವಾಹನದಿಂದ ಬೇಟೆಯಾಡುವ ಪ್ರಾಣಿ ದೂರ ಸರಿಯುತ್ತದೆ, ಅದು ಸರಿದದ್ದರಿಂದ ಜಿಂಕೆಯ ನಡವಳಿಕೆ ಬದಲಾಗುತ್ತದೆ ಅಂದುಕೊಳ್ಳಿ. ಆಗ ಬೇಟೆಯಾಡುವ ಪ್ರಾಣಿಯೇ ಕೊಂಡಿ. ಇದು ಬರೀ ಊಹೆ ಅಲ್ಲ. ಅಮೆರಿಕದ ಯೆಲ್ಲೋಸ್ಟೋನ್ ಸುತ್ತಲಿನ ಪ್ರದೇಶದಲ್ಲಿ ಹೆಣ್ಣು ಮೂಸ್‌ಗಳು (ಜಿಂಕೆ ಕುಟುಂಬದ ದೊಡ್ಡ ಪ್ರಾಣಿ) ವರ್ಷದಿಂದ ವರ್ಷಕ್ಕೆ ಡಾಂಬರು ರಸ್ತೆಯ ಹತ್ತಿರ ಮರಿ ಹಾಕತೊಡಗಿದ್ದನ್ನು ಜೋಯಲ್ ಬರ್ಜರ್ 2007ರಲ್ಲಿ ವರದಿ ಮಾಡಿದರು. ಕರಡಿಗಳು ರಸ್ತೆ ಕಂಡರೆ ದೂರ ಇರುತ್ತವೆ, ಹಾಗಾಗಿ ಮರಿಗೆ ಅಲ್ಲೇ ಕ್ಷೇಮ ಅನ್ನುವುದು ಅವರ ವಿವರಣೆ. ಈ ಲೆಕ್ಕದಲ್ಲಿ ಕರಡಿಯ ಸಂಖ್ಯೆಯನ್ನು ಸಮ ಮಾಡಿಟ್ಟು ಹೋಲಿಸಿದರೆ ರಸ್ತೆಯ ಪ್ರಭಾವದ ಮುಖ್ಯ ದಾರಿಯನ್ನೇ ಮುಚ್ಚಿದಂತೆ. ಒಟ್ಟು ಪ್ರಭಾವ ಬೇಕಾದರೆ ಕೊಂಡಿಯನ್ನು ಮುಟ್ಟಬೇಡಿ.

ಮೂರನೆಯದು ಕೊಲೈಡರ್. ಎರಡು ಬಾಣಗಳು ಬಂದು ಗುದ್ದುವ ಜಾಗ. ಹಾಸನ, ಕೊಡಗಿನ ಕಡೆ ಆನೆಗೆ ಕಾಲರ್ ಹಾಕುವುದು ಯಾವಾಗ? ಸಾಮಾನ್ಯವಾಗಿ ಅದು ತೋಟ, ಊರುಗಳಲ್ಲಿ ತೊಂದರೆ ಕೊಟ್ಟಾಗ. ಊರ ಪಕ್ಕದಲ್ಲೇ ಇರುವ ಆನೆ ಹೇಗೂ ಕಣ್ಣಿಗೆ ಬೀಳುತ್ತದೆ. ಊರಿಂದ ದೂರದ ಆನೆಗೆ ಕಾಲರ್ ಬಿದ್ದಿದೆ ಅಂದರೆ ಅದು ತುಂಬಾ ದಿಟ್ಟ ಆನೆಯೇ ಇರಬೇಕು. ಅಂದರೆ ಊರಿಗೆ ಹತ್ತಿರ ಇರುವುದು, ದಿಟ್ಟತನ, ಈ ಎರಡೂ ಬಾಣಗಳು ಕಾಲರ್‌ಗೆ ಬಂದು ಗುದ್ದುತ್ತವೆ. ಕಾಲರ್ ಇರುವ ಆನೆಗಳನ್ನಷ್ಟೇ ನೋಡಿದರೆ "ಊರ ಹತ್ತಿರದ ಆನೆಗಳೇ ಹೆಚ್ಚು ಅಂಜುತ್ತವೆ" ಅನ್ನುವ ಇಲ್ಲದ ಸಂಬಂಧ ಎದ್ದು ನಿಲ್ಲುತ್ತದೆ. ಮಾಡೆಲ್ ಎಷ್ಟೇ ಚೆನ್ನಾಗಿದ್ದರೂ ಡೇಟಾ ಕೈಗೆ ಬಂದ ದಾರಿಯಲ್ಲೇ ಇದು ನುಸುಳಿರುತ್ತದೆ.

ಚಿತ್ರ ಮುಗಿದ ಮೇಲೆ ಅದನ್ನು ಗೈಡ್‌ಗೆ ತೋರಿಸುವ ಮೊದಲು ಫಾರೆಸ್ಟ್ ಗಾರ್ಡ್, ವಾಚರ್‌ಗಳಿಗೆ ತೋರಿಸಿ. ರಸ್ತೆ ಅಂಚಿನ ಗಿಡಗಂಟಿ ಸವರುತ್ತಾರಲ್ಲ, ಇಲಾಖೆಯವರು ವ್ಯೂ ಲೈನ್ ಅನ್ನುವುದು, ಅಲ್ಲಿ ಚಿಗುರುವ ಹುಲ್ಲಿಗೆ ಜಿಂಕೆ ಬರುತ್ತದೆ. ಇಂಥ ಬಾಣಗಳು ಅವರಿಗೆ ಗೊತ್ತಿರುತ್ತವೆ. ಗಮನಿಸಿ: ನಿಮ್ಮ ಪ್ರಶ್ನೆ "ರಸ್ತೆಯ ಪ್ರಭಾವ" ಆದರೆ ಈ ಹುಲ್ಲು ನಡುವಿನ ಕೊಂಡಿ, ಏಕೆಂದರೆ ರಸ್ತೆ ಇರುವುದಕ್ಕೇ ಸವರುತ್ತಾರೆ. "ವಾಹನದ ಪ್ರಭಾವ" ಆದರೆ, ಮತ್ತು ವಾಹನ ದಟ್ಟವಾಗಿರುವ ಕಡೆಯೇ ಜಾಸ್ತಿ ಸವರುವುದಾದರೆ, ಅದು ಕನ್‌ಫೌಂಡರ್ ಆಗಬಹುದು. ಪ್ರಶ್ನೆ ಬದಲಾದರೆ ಪಾತ್ರವೂ ಬದಲಾಗುತ್ತದೆ.

3. ಯಾವುದನ್ನು ಸೇರಿಸಬೇಕು, ಯಾವುದನ್ನು ಬಿಡಬೇಕು

ಚಿತ್ರವನ್ನು ಡ್ಯಾಗಿಟಿ ಅನ್ನುವ ಉಚಿತ ತಂತ್ರಾಂಶಕ್ಕೆ ಹಾಕಿ. ಯಾವ ಯಾವ ಅಂಶಗಳನ್ನು ಮಾಡೆಲ್‌ಗೆ ಸೇರಿಸಿದರೆ ಸಾಕು ಅಂತ ಅದೇ ಹೇಳುತ್ತದೆ. ಸೇರಿಸಲೇಬೇಕಾದ ಒಂದನ್ನು ನೀವು ಅಳೆದೇ ಇಲ್ಲ ಅಂತ ಇಲ್ಲಿ ಗೊತ್ತಾದರೆ ಒಳ್ಳೆಯದೇ ಆಯಿತು, ಮುಂದಿನ ಸೀಸನ್ನಿನಲ್ಲಿ ಅಳೆಯಬಹುದು.

ನಾನು ಅತಿ ಹೆಚ್ಚು ಕಾಣುವ ತಪ್ಪು: ಇರುವ ಇಪ್ಪತ್ತು ಅಂಶಗಳನ್ನೂ ಮಾಡೆಲ್‌ಗೆ ಸುರಿದು "ಎಲ್ಲವನ್ನೂ ಕಂಟ್ರೋಲ್ ಮಾಡಿದ್ದೇವೆ" ಅನ್ನುವುದು. ಹೆಚ್ಚು ಸುರಿದಷ್ಟೂ ಕೊಂಡಿ, ಕೊಲೈಡರ್ ಒಳಗೆ ಬರುವ ಅಪಾಯ ಹೆಚ್ಚು. ಇನ್ನೊಂದು, ಎಐಸಿ (ಮಾಡೆಲ್‌ಗಳನ್ನು ಹೋಲಿಸಲು ಬಳಸುವ ಒಂದು ಅಂಕ) ಕಡಿಮೆ ಬಂದ ಮಾಡೆಲ್ಲೇ ಸರಿ ಅಂತ ಆರಿಸುವುದು. ಮುಂದೆ ಏನು ಕಾಣಬಹುದು ಅಂತ ಊಹಿಸಲು ಯಾವ ಮಾಡೆಲ್ ಮೇಲು ಅನ್ನುವುದನ್ನು ಎಐಸಿ ಹೇಳುತ್ತದೆ. ಕಾರಣ ಯಾವುದು ಅನ್ನುವುದು ಅದಕ್ಕೆ ಗೊತ್ತಿಲ್ಲ. ಕೊಲೈಡರ್ ಸೇರಿಸಿದರೆ ಎಐಸಿ ಚೆನ್ನಾಗಿಯೇ ಇಳಿಯಬಹುದು! ಮತ್ತೊಂದು, ಒಂದೇ ಮಾಡೆಲ್ಲಿನ ಎಲ್ಲ ಅಂಕಿಗಳನ್ನೂ ಕಾರಣ ಅಂತ ಓದುವುದು. ವಾಹನದ ಪ್ರಭಾವಕ್ಕಾಗಿ ಕಟ್ಟಿದ ಮಾಡೆಲ್ ವಾಹನದ ಬಗ್ಗೆ ಮಾತ್ರ ಮಾತಾಡುತ್ತದೆ. ಅದರಲ್ಲಿರುವ ನೀರಿನ ಅಂಕಿಗೆ ಅರ್ಥ ಬೇಕಾದರೆ ನೀರಿಗೆ ಬೇರೆ ಚಿತ್ರ, ಬೇರೆ ಮಾಡೆಲ್.

4. ಹೋಲಿಸಲು ಏನಾದರೂ ಇದೆಯಾ ನೋಡಿ

ಬಂಡೀಪುರದಲ್ಲಿ ಎಡವುವುದು ಇಲ್ಲಿ. "ರಾತ್ರಿ ವಾಹನ ಇಲ್ಲ, ರಾತ್ರಿ ರಸ್ತೆ ಬದಿ ಪ್ರಾಣಿ ಜಾಸ್ತಿ, ಹಾಗಾಗಿ ನಿಷೇಧ ಫಲ ಕೊಟ್ಟಿದೆ" ಅಂತ ಬರೆಯಲು ಕೈ ತುರಿಸುತ್ತದೆ. ಆದರೆ ಆ ರಸ್ತೆಯಲ್ಲಿ ರಾತ್ರಿ ಅಂದರೆ ವಾಹನ ಇಲ್ಲ, ಹಗಲು ಅಂದರೆ ವಾಹನ ಇದೆ. ವಾಹನ ಓಡುವ ರಾತ್ರಿಯೂ ಇಲ್ಲ, ವಾಹನವೇ ಇಲ್ಲದ ಹಗಲೂ ಇಲ್ಲ. ಕತ್ತಲೆಯ ಪ್ರಭಾವವನ್ನು ವಾಹನದ ಪ್ರಭಾವದಿಂದ ಬೇರ್ಪಡಿಸಲು ಡೇಟಾದಲ್ಲಿ ಏನೂ ಇಲ್ಲ. ಇದಕ್ಕೆ ಪಾಸಿಟಿವಿಟಿ ಕೊರತೆ ಅನ್ನುತ್ತಾರೆ. ಯಾವ ಮಾಡೆಲ್ಲೂ ಇದನ್ನು ಸರಿಮಾಡಲಾರದು. ಮಾಡೆಲ್ ಉತ್ತರವನ್ನೇನೋ ಕೊಡುತ್ತದೆ, ಆದರೆ ಅದು ಕಂಡದ್ದಲ್ಲ, ಗೆರೆಯನ್ನು ಕಾಣದ ಕಡೆಗೆ ಎಳೆದದ್ದು.

ಪರಿಹಾರ ಎರಡು. ಹಗಲಿನೊಳಗೇ ವಾಹನ ಹೆಚ್ಚು ಕಡಿಮೆ ಆಗುವುದನ್ನು ಬಳಸಿ. ಇಲ್ಲವೇ ರಾತ್ರಿಯೂ ವಾಹನ ಓಡುವ, ಉಳಿದಂತೆ ಇಂಥದ್ದೇ ಕಾಡಿನ ರಸ್ತೆಯನ್ನು ಸೇರಿಸಿಕೊಳ್ಳಿ. ವಾಹನದ ಪ್ರಮಾಣ ಒಂದು ಕಡೆ, ಹೊತ್ತು ಇನ್ನೊಂದು ಕಡೆ ಇಟ್ಟು ಕೋಷ್ಟಕ ಮಾಡಿ. ಖಾಲಿ ಚೌಕಗಳು ಎಲ್ಲಿವೆ ಅಂತ ತಕ್ಷಣ ಗೊತ್ತಾಗುತ್ತದೆ.

5. ವಿನ್ಯಾಸ ಆರಿಸಿ

ಪ್ರಯೋಗ ಮಾಡಲು ಆದರೆ ಪ್ರಯೋಗವನ್ನೇ ಮಾಡಿ. ಅಮೆರಿಕದ ಐಡಾಹೊದಲ್ಲಿ ರಸ್ತೆಯೇ ಇಲ್ಲದ ಗುಡ್ಡದಲ್ಲಿ ಸುಮಾರು ಅರ್ಧ ಕಿಲೋಮೀಟರ್ ಉದ್ದಕ್ಕೆ ಸಂಶೋಧಕರು ಸ್ಪೀಕರ್ ಸಾಲು ನಿಲ್ಲಿಸಿ ವಾಹನದ ಸದ್ದು ಬಿಟ್ಟರು. ನಾಲ್ಕು ದಿನ ಸದ್ದು, ನಾಲ್ಕು ದಿನ ಮೌನ. ಸದ್ದಿದ್ದ ದಿನಗಳಲ್ಲಿ ಹಕ್ಕಿಗಳು ಕಾಲು ಭಾಗಕ್ಕಿಂತ ಹೆಚ್ಚು ಕಡಿಮೆಯಾದವು. ಡಾಂಬರಿಲ್ಲ, ಹೊಗೆಯಿಲ್ಲ, ಡಿಕ್ಕಿಯಿಲ್ಲ, ಸದ್ದು ಮಾತ್ರ. ದಕ್ಷಿಣ ಆಫ್ರಿಕಾದ ಕ್ರೂಗರ್ ಭಾಗದ ನೀರಿನ ತಾಣಗಳಲ್ಲೂ ಇಂಥದ್ದೇ ಕೆಲಸ ನಡೆದು 2023ರಲ್ಲಿ ಪ್ರಕಟವಾಯಿತು. ಪ್ರಾಣಿಗಳಿಗೆ ಸಿಂಹದ ಸದ್ದನ್ನೂ ಮನುಷ್ಯರ ಮಾತನ್ನೂ ಕೇಳಿಸಿದರು. ಅವು ಸಿಂಹಕ್ಕಿಂತ ಮನುಷ್ಯರ ಮಾತಿಗೇ ಜಾಸ್ತಿ ಓಡಿದವು. ಹೆದ್ದಾರಿಯನ್ನು ಚೀಟಿ ಎತ್ತಿ ಮುಚ್ಚಲು ನಮ್ಮಿಂದ ಆಗದು. ಅನುಮತಿ ಸಿಕ್ಕರೆ ಒಂದು ಸ್ಪೀಕರ್ ಇಡಲು ಆಗುತ್ತದೆ. ಯಾವ ದಿನ ಸದ್ದು, ಯಾವ ದಿನ ಮೌನ ಅನ್ನುವುದನ್ನು ಮಾತ್ರ ನೀವು ನಿರ್ಧರಿಸಬೇಡಿ, ಚೀಟಿ ಎತ್ತಿ.

ಪ್ರಯೋಗ ಆಗದಿದ್ದರೆ ನನ್ನ ಮೊದಲ ಆಯ್ಕೆ "ವ್ಯತ್ಯಾಸಗಳ ವ್ಯತ್ಯಾಸ". ಬದಲಾವಣೆಯ ಮೊದಲು–ನಂತರ, ರಸ್ತೆ ಬದಿ–ಒಳಕಾಡು, ಈ ನಾಲ್ಕು ಅಂಕಿ ಬೇಕು. ಸುಮ್ನೆ ಲೆಕ್ಕಕ್ಕಾಗಿ ಇಟ್ಟುಕೊಳ್ಳಿ: ವಾಹನ ನಿಂತ ಮೇಲೆ ರಸ್ತೆ ಬದಿಯಲ್ಲಿ 100 ಕ್ಯಾಮೆರಾ ದಿನಗಳಿಗೆ (ಒಂದು ಕ್ಯಾಮೆರಾ ಒಂದು ದಿನ ಓಡಿದರೆ ಒಂದು ಕ್ಯಾಮೆರಾ ದಿನ) ಜಿಂಕೆ ಬಿದ್ದದ್ದು 10ರಿಂದ 16ಕ್ಕೆ ಏರಿತು. ಒಳಕಾಡಿನಲ್ಲೂ 20ರಿಂದ 22ಕ್ಕೆ ಏರಿತು. ಒಳಕಾಡಿನ ಏರಿಕೆ ಮಳೆಯದೋ ಹುಲ್ಲಿನದೋ, ಅದು ರಸ್ತೆ ಬದಿಗೂ ಸೇರಿಯೇ ಇರುತ್ತದೆ. ಹಾಗಾಗಿ 6ರಲ್ಲಿ 2 ಕಳೆದು 4 ಅನ್ನುವುದು ವಾಹನದ ಪಾಲು. ಅನುಪಾತದಲ್ಲಿ ನೋಡಿದರೆ 1.6ನ್ನು 1.1ರಿಂದ ಭಾಗಿಸಿ ಸುಮಾರು 1.45 ಪಟ್ಟು. ಕೂಡಿ ಕಳೆಯುವ ಲೆಕ್ಕವೋ, ಪಟ್ಟಿನ ಲೆಕ್ಕವೋ ಮೊದಲೇ ನಿರ್ಧರಿಸಿ. ಕೆಲವೊಮ್ಮೆ ಎರಡೂ ಬೇರೆ ಬೇರೆ ದಿಕ್ಕಿಗೆ ತೋರಿಸುತ್ತವೆ.

ಇದರ ಜೀವಾಳ ಒಂದು ಊಹೆ: ವಾಹನ ನಿಲ್ಲದೇ ಇದ್ದಿದ್ದರೆ ಎರಡೂ ಕಡೆಯ ಏರಿಳಿತ ಒಂದೇ ಥರ ಇರುತ್ತಿತ್ತು. ಇದನ್ನು ಪ್ಯಾರಲಲ್ ಟ್ರೆಂಡ್ಸ್ ಅನ್ನುತ್ತಾರೆ. ಎಲ್ಲರೂ ಹಾರಿ ಹಿಡಿಯುವ ಉದಾಹರಣೆ ಕೋವಿಡ್ ಲಾಕ್‌ಡೌನ್. ಕಾಲರ್ ಹಾಕಿದ 43 ಜಾತಿಯ ಸಸ್ತನಿಗಳ ಮೇಲಿನ 2023ರ ಜಾಗತಿಕ ಅಧ್ಯಯನದಲ್ಲಿ, ಬಿಗಿ ಲಾಕ್‌ಡೌನ್ ಇದ್ದ ಕಡೆ ಹತ್ತು ದಿನದ ಅವಧಿಯ ದೂರದ ಪಯಣಗಳು ಶೇ 73ರಷ್ಟು ಉದ್ದವಾಗಿದ್ದವು. ನಮ್ಮಲ್ಲಿ ಲಾಕ್‌ಡೌನ್ ಶುರುವಾದದ್ದು 2020ರ ಮಾರ್ಚ್ 25ಕ್ಕೆ. ಅದು ಬೇಸಿಗೆ, ಹಿಂದೆಯೇ ಮುಂಗಾರು ಪೂರ್ವ ಮಳೆ. "ಫೆಬ್ರವರಿಗಿಂತ ಏಪ್ರಿಲ್‌ನಲ್ಲಿ ರಸ್ತೆ ಬದಿ ಜಿಂಕೆ ಜಾಸ್ತಿ" ಅಂದರೆ ಮಳೆಯನ್ನೇ ಅಳೆದಿರಬಹುದು. ಹಾಗಾದರೆ ಹಿಂದಿನ ವರ್ಷದ ಅದೇ ವಾರಗಳಿಗೆ ಹೋಲಿಸೋಣ ಅನ್ನುತ್ತೀರಿ. ಅಲ್ಲೂ ಒಂದು ಗುಂಡಿ ಇದೆ: 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ದೊಡ್ಡ ಕಾಳ್ಗಿಚ್ಚು ಬಿದ್ದು ಸಾವಿರಾರು ಎಕರೆ ಸುಟ್ಟಿತ್ತು. ಸುಟ್ಟ ನೆಲದಲ್ಲಿ ಹೊಸ ಹುಲ್ಲು ಬಂದರೆ ಜಿಂಕೆಗಳು ಬೇರೆಡೆಗೆ ಹೋಗುತ್ತವೆ. ಒಂದೇ ವರ್ಷವನ್ನು ನಂಬಬೇಡಿ, ಹಿಂದಿನ ಹಲವು ವರ್ಷಗಳನ್ನು ತನ್ನಿ, ಸುಟ್ಟ ಜಾಗಗಳನ್ನು ಗುರುತಿಸಿ.

ಮೊದಲಿನ ಡೇಟಾ ಇಲ್ಲವೇ? ಆಗ ಮ್ಯಾಚಿಂಗ್. ಒತ್ತಡ ಇರುವ ಒಂದೊಂದು ಜಾಗಕ್ಕೂ ಉಳಿದೆಲ್ಲದರಲ್ಲಿ ಹೋಲುವ, ಒತ್ತಡ ಇಲ್ಲದ ಜಾಗವನ್ನು ಜೋಡಿ ಮಾಡುವುದು. ಆರ್‌ನಲ್ಲಿ ಮ್ಯಾಚ್‌ಇಟ್ ಪ್ಯಾಕೇಜ್ ಇದನ್ನು ಮಾಡುತ್ತದೆ. ಜೋಡಿ ಸರಿಯಾಯಿತಾ ಅಂತ ನೋಡಲು ಕೊಬಾಲ್ಟ್ ಅನ್ನುವ ಪ್ಯಾಕೇಜ್ ಇದೆ. ಅಳೆದದ್ದರಲ್ಲಿ ಮಾತ್ರ ಜೋಡಿ ಕೂಡುತ್ತದೆ, ಅಳೆಯದ್ದರಲ್ಲಿ ಇಲ್ಲ. ಆನೆ ತಡೆಯಲು ಹಾಕುವ ರೈಲ್ವೆ ಕಂಬಿ ಬೇಲಿಯ ಅಧ್ಯಯನಗಳಲ್ಲಿ ಇದೇ ತೊಡಕು. ಆನೆ ಕಾಟ ಜಾಸ್ತಿ ಇರುವ ಕಡೆಯೇ ಬೇಲಿ ಹಾಕುತ್ತಾರೆ, ಹಾಗಾಗಿ ಕಚ್ಚಾ ಲೆಕ್ಕದಲ್ಲಿ "ಬೇಲಿ ಇರುವ ಕಡೆ ಆನೆ ಜಾಸ್ತಿ" ಅಂತ ಬರುತ್ತದೆ. ಜೊತೆಗೆ, ಇಲ್ಲಿ ತಡೆದ ಆನೆ ಪಕ್ಕದ ಊರಿಗೆ ಹೋಗುತ್ತದೆ. ಆ ಪಕ್ಕದ ಊರನ್ನೇ ನೀವು ಹೋಲಿಕೆಗೆ ಇಟ್ಟುಕೊಂಡರೆ ಬೇಲಿಯ ಫಲ ದುಪ್ಪಟ್ಟಾಗಿ ಕಾಣಬಹುದು. ಹೋಲಿಕೆಯ ಊರು ಆನೆ ಸುಲಭವಾಗಿ ತಲುಪದಷ್ಟು ದೂರ ಇರಲಿ.

ಇನ್‌ಸ್ಟ್ರುಮೆಂಟ್ ಅನ್ನುವ ಉಪಾಯವೂ ಒಂದಿದೆ. ಕಾರಣವನ್ನು ಅಲ್ಲಾಡಿಸುವ, ಪರಿಣಾಮವನ್ನು ನೇರವಾಗಿ ಮುಟ್ಟದ ಹೊರಗಿನ ಸಂಗತಿಯನ್ನು ಹುಡುಕುವುದು. ಭಾನುವಾರ, ಓಣಂ, ದಸರಾ ರಜೆಗಳಲ್ಲಿ ವಾಹನ ಏರುತ್ತದೆ. ಇವತ್ತು ಭಾನುವಾರ ಅಂತ ಜಿಂಕೆಗೆ ಗೊತ್ತಿಲ್ಲ. ಕೇಳಲು ಸೊಗಸಾಗಿದೆ. ಆದರೆ ಅದೇ ಭಾನುವಾರ ಸಫಾರಿಯ ಗದ್ದಲವೂ ಏರಿದರೆ ಉಪಾಯ ಮುರಿಯಿತು. ಸಫಾರಿ ದಾರಿಗಳಿಂದ ದೂರದ ಕ್ಯಾಮೆರಾಗಳನ್ನಷ್ಟೇ ಬಳಸಿದರೆ ಸ್ವಲ್ಪ ಮಟ್ಟಿಗೆ ಉಳಿಸಿಕೊಳ್ಳಬಹುದು.

6. ಪ್ರಾಣಿ ಮಾಡಿದ್ದೆಷ್ಟು, ಕ್ಯಾಮೆರಾ ಕಂಡದ್ದೆಷ್ಟು

ವಾಹನದ ಸದ್ದಿಗೆ ಪ್ರಾಣಿ ಬೇಗ ಬೇಗ ದಾಟಿದರೆ ಕ್ಯಾಮೆರಾ ತಪ್ಪಿಸಿಕೊಳ್ಳಬಹುದು. ಲಂಟಾನ ದಟ್ಟವಾಗಿದ್ದರೆ ಪಕ್ಕದಲ್ಲೇ ನಿಂತ ಜಿಂಕೆಯೂ ಬೀಳುವುದಿಲ್ಲ. ಹೀಗೆ ಕಾಣುವ ಸಾಧ್ಯತೆಯೇ ಜಾಗದಿಂದ ಜಾಗಕ್ಕೆ ಬದಲಾದರೆ ಅದನ್ನೂ ಬಾಣದ ಚಿತ್ರಕ್ಕೆ ಸೇರಿಸಿ. ಹುಲಿ ಎಣಿಕೆಗೆ ಇಟ್ಟ ಕ್ಯಾಮೆರಾಗಳ ಡೇಟಾ ಸಿಕ್ಕರೆ ಖುಷಿಪಡುವ ಮೊದಲು ಅವು ಎಲ್ಲಿದ್ದವು ಕೇಳಿ. ಹುಲಿ ನಡೆಯುವ ದಾರಿಗೇ ಅವನ್ನು ಇಡುತ್ತಾರೆ, ಜಿಂಕೆ ಮೇಯುವ ಬಯಲಿಗಲ್ಲ.

7. ಮಾಡೆಲ್ ಓಡಿಸಿ

ಇಲ್ಲಿ ಹೇಳುವುದು ಕಡಿಮೆ. ಆರ್‌ನ ಫಿಕ್ಸೆಸ್ಟ್ ಪ್ಯಾಕೇಜಿನಲ್ಲಿ ಜಾಗ, ದಿನಗಳನ್ನು ಸ್ಥಿರ ಅಂಶಗಳಾಗಿ ಹಾಕಿ, ಎಣಿಕೆಗೆ ತಕ್ಕ ಪಾಯ್ಸನ್ ಮಾಡೆಲ್ ಓಡಿಸಿದರೆ ವ್ಯತ್ಯಾಸಗಳ ವ್ಯತ್ಯಾಸ ಸಿಗುತ್ತದೆ. ಒಂದೇ ಕ್ಯಾಮೆರಾದ ಸಾವಿರ ಸಾಲು ಅಂದರೆ ಸಾವಿರ ಸಾಕ್ಷಿ ಅಲ್ಲ. ಅನಿಶ್ಚಿತತೆಯನ್ನು ಕ್ಯಾಮೆರಾ ಜಾಗದ ಮಟ್ಟದಲ್ಲಿ ಲೆಕ್ಕ ಹಾಕಿ. ಆನೆಯಾದರೆ ಹಿಂಡಿನ ಮಟ್ಟದಲ್ಲಿ.

8. ನಿಮ್ಮ ಉತ್ತರವನ್ನು ನೀವೇ ಕೆಡವಲು ನೋಡಿ

ಸುಳ್ಳು ದಿನಾಂಕ ಕೊಡಿ. 2018ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಆಗಿತ್ತು ಅಂತ ಹೇಳಿ ಅದೇ ಮಾಡೆಲ್ ಓಡಿಸಿ. ಆಗಲೂ "ಪ್ರಭಾವ" ಕಂಡರೆ ನೀವು ಹಿಡಿದದ್ದು ಋತುವನ್ನು. ಸುಳ್ಳು ಜಾಗವನ್ನೂ ಕೊಡಿ. ರಸ್ತೆಯಿಂದ ಐದಾರು ಕಿಲೋಮೀಟರ್ ದೂರದ ಕ್ಯಾಮೆರಾಗಳನ್ನು "ರಸ್ತೆ ಬದಿ" ಅಂತ ಕರೆದು ನೋಡಿ.

ಆಮೇಲೆ ಇ-ವ್ಯಾಲ್ಯೂ. ನೀವು ಅಳೆಯದ ಯಾವುದೋ ಕನ್‌ಫೌಂಡರ್ ನಿಮ್ಮ ಇಡೀ ಉತ್ತರವನ್ನು ಅಳಿಸಿಹಾಕಬೇಕಾದರೆ ಅದು ಎಷ್ಟು ಬಲವಾಗಿರಬೇಕು ಅನ್ನುವ ಅಂಕಿ ಇದು. ಅನುಪಾತವನ್ನು ಅದಕ್ಕಿಂತ ಒಂದು ಕಡಿಮೆ ಅಂಕಿಯಿಂದ ಗುಣಿಸಿ, ವರ್ಗಮೂಲ ತೆಗೆದು, ಅನುಪಾತಕ್ಕೇ ಕೂಡಿಸಿ. ಅನುಪಾತ 1.5 ಆದರೆ ಇ-ವ್ಯಾಲ್ಯೂ ಸುಮಾರು 2.37. ಅಂದರೆ ಆ ಕಾಣದ ಸಂಗತಿ ವಾಹನಕ್ಕೂ ಜಿಂಕೆಗೂ, ಎರಡಕ್ಕೂ ಕನಿಷ್ಠ 2.37 ಪಟ್ಟು ನಂಟು ಹೊಂದಿರಬೇಕು. ಅನುಪಾತ 1ಕ್ಕಿಂತ ಕಡಿಮೆ ಇದ್ದರೆ ಮೊದಲು 1ನ್ನು ಅದರಿಂದ ಭಾಗಿಸಿಕೊಳ್ಳಿ. ಅಂಥ ಸಂಗತಿ ನಿಮ್ಮ ಕಾಡಿನಲ್ಲಿ ಇರಬಹುದಾ ಅನ್ನುವುದನ್ನು ತಂತ್ರಾಂಶ ಹೇಳಲಾರದು. ವಾಚರ್ ಹೇಳಬಹುದು.

9. ಬರೆಯುವಾಗ

ಬಾಣದ ಚಿತ್ರವನ್ನು ಲೇಖನದಲ್ಲೇ ಹಾಕಿ, ಓದುಗರು ಯಾವ ಬಾಣವನ್ನು ಒಪ್ಪುವುದಿಲ್ಲ ಅಂತ ಬೆರಳಿಟ್ಟು ತೋರಿಸಲು ಆಗಬೇಕು. ನಂಬಿಕೊಂಡ ಊಹೆಗಳನ್ನು ಪ್ಯಾರಲಲ್ ಟ್ರೆಂಡ್ಸ್‌ನಿಂದ ಹಿಡಿದು ಒಂದೊಂದಾಗಿ ಹೆಸರಿಸಿ. "ಪ್ರಭಾವ" ಅನ್ನುವ ಪದ ಬಳಸಿದ ಮೇಲೆ ಕೊನೆಯಲ್ಲಿ "ಇದು ಬರೀ ಸಂಬಂಧ, ಕಾರಣ ಅಲ್ಲ" ಅಂತ ಒಂದು ಸಾಲು ಸೇರಿಸಿ ಜಾರಿಕೊಳ್ಳಬೇಡಿ. ಬಂಡೀಪುರದ ಜಿಂಕೆಗೆ ಸಿಕ್ಕ ಉತ್ತರವನ್ನು ಸಕಲೇಶಪುರದ ಆನೆಗೆ ಹೊಂದಿಸಲೂ ಹೋಗಬೇಡಿ. ಅರಣ್ಯ ಇಲಾಖೆಗೆ ಕೊಡುವ ವರದಿಯಾದರೆ ಪಿ-ವ್ಯಾಲ್ಯೂವನ್ನು (ಪ್ರಭಾವವೇ ಇಲ್ಲದಿದ್ದರೂ ಇಷ್ಟು ದೊಡ್ಡ ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಾಧ್ಯತೆ) ಅನುಬಂಧಕ್ಕೆ ಕಳಿಸಿ. ಮೊದಲ ಪುಟದಲ್ಲಿ ಗಂಟೆಗೆ ಇಷ್ಟು ವಾಹನ ಕಡಿಮೆ ಮಾಡಿದರೆ ರಸ್ತೆ ಬದಿಯಲ್ಲಿ ಜಿಂಕೆ ಇಷ್ಟರಿಂದ ಇಷ್ಟರವರೆಗೆ ಹೆಚ್ಚು ಹೊತ್ತು ಕಳೆಯಬಹುದು ಅಂತ, ಮೇಲಿನ ಮಿತಿ ಕೆಳಗಿನ ಮಿತಿ ಎರಡನ್ನೂ ಕೊಟ್ಟು, ಒಂದೇ ವಾಕ್ಯದಲ್ಲಿ ಬರೆಯಿರಿ.